ಚುಕ್ಕಿಗೆ ಫೋನು

“ಇನ್ನೂ ಕೆಳಕ್ಕೆ ಹಿಡೀರಿ ಅತ್ತೆ. ಅದು ಕಿವಿ ಆ ಕಡೆ ತಿರುಗಿಸ್ಕೊಂಡಿದೆ,” ಎಂದಳು ರಾಧ, ಹಸುವಿನ ಹೊಟ್ಟೆಗೆ ತಲೆ ಒರಗಿಸಿ ಕೂತವಳು.

ವೆಂಕಟರತ್ನಮ್ಮ ಗೊಂತಿನ ಮೇಲೆ ಬಗ್ಗಿ ಫೋನನ್ನು ಹಸುವಿನ ಕಿವಿಗೆ ತಗಲುವಷ್ಟು ಹತ್ತಿರ ಹಿಡಿದಳು. ಒಳಗಿನಿಂದ ಮಗಳ ದನಿ ಬಂತು, ನೀರಿನ ಪೈಪಿನೊಳಗಿಂದ ಬಂದಂತೆ.

“ಚುಕ್ಕೀ... ಏಯ್ ಚುಕ್ಕಿ, ನಾನು ಕಣೇ. ನಿಂತ್ಕೋ ಬಂಗಾರ. ಕಾಲೆತ್ತಬೇಡ. ಅತ್ಗೆ, ಈಗ ಮುಟ್ಟಿ.”

ರಾಧ ಕೆಚ್ಚಲಿಗೆ ಕೈ ಹಾಕಿದಳು. ಹಸು ಚರ್ಮ ಅದುರಿಸಿತು, ಹಿಂಗಾಲನ್ನು ಒಮ್ಮೆ ಎತ್ತಿ ಇಟ್ಟಿತು, ಆಮೇಲೆ ಸುಮ್ಮನಾಯಿತು. ಹಾಲಿನ ಮೊದಲ ಎಳೆ ಬಕೆಟ್ಟಿನ ತಳಕ್ಕೆ ಬಿದ್ದು ಸದ್ದು ಮಾಡಿತು.

“ಬಿಡ್ತು,” ಎಂದಳು ರಾಧ.

“ಬಿಡ್ತಾ? ಸರಿ ಅಮ್ಮ, ಇಡ್ತೀನಿ. ಬೆಲ್ ಆಗುತ್ತೆ.”

“ಅದೇನೇ ಬೆಲ್ಲು? ಇರು, ಇನ್ನೂ ಅರ್ಧ ಬಕೀಟಾಗಿಲ್ಲ. ಉಂಡ್ಯಾ?”

“ಇಲ್ಲಿ ಒಂಬತ್ತು ಗಂಟೆ ಅಮ್ಮ.”

“ಒಂಬತ್ತಾದ್ರೂ ಉಂಡಿಲ್ವಾ?”

“ಅಮ್ಮ, ಇಡ್ತೀನಿ.”

“ನೀನು ಇಟ್ರೆ ಇದು ಆಲು ಏರಿಸ್ಕೊಂಬಿಡುತ್ತೆ. ಮಾತಾಡ್ತಾ ಇರು. ಏನ್ ಸಾರು ಮಾಡಿದ್ದೆ ನೆನ್ನೆ?”

ನವ್ಯ ಜಪಾನಿಗೆ ಹೋಗಿ ವಾರದ ಮೇಲಾಗಿತ್ತು. ಒಂದು ವರ್ಷ ಅಲ್ಲಿನ ಭಾಷೆ ಕಲಿತು, ಆಮೇಲೆ ಎರಡು ವರ್ಷ ವಯಸ್ಸಾದವರ ಆರೈಕೆಯ ಕೋರ್ಸು ಮಾಡಿ, ಅಲ್ಲೇ ಕೆಲಸಕ್ಕೆ ಸೇರುವುದೆಂದು ಮಾತು. ಹೊರಡುವ ದಿನ ವೆಂಕಟರತ್ನಮ್ಮ ಬಾಗಿಲಲ್ಲಿ ನಿಂತು, ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ, “ಯಾವುದೋ ದೇಶದ ಮುದುಕ್ರ ಕುಂಡಿ ತೊಳೆಯಾಕೆ ನಮ್ಮನೆ ಎರಡು ಅಸ ಮಾರಬೇಕಾಗಿತ್ತಾ? ಆ ಏರೋಪ್ಲೇನು ಅತ್ತಿದ್ರೆ ನಿಂದೂ ನಂದೂ ಮಾತು ಮುಗೀತು, ಅಷ್ಟೆ” ಎಂದಿದ್ದಳು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ನವ್ಯ ತಲುಪಿದ್ದೇನೆಂದು ಮೊದಲ ಸಲ ಫೋನು ಮಾಡಿದಾಗ ಗಂಡ ಮುನಿಸ್ವಾಮಪ್ಪ ಮಾತಾಡಿದ, ಮಗ ಗಿರಿ ಮಾತಾಡಿದ, ಸೊಸೆ ರಾಧ ಮಾತಾಡಿದಳು. ವೆಂಕಟರತ್ನಮ್ಮ ಒಲೆಯ ಮುಂದೆ ಕೂತು ಸೌದೆ ತಳ್ಳುತ್ತಿದ್ದಳು.

ಮಾತು ಶುರುವಾದದ್ದು ಚುಕ್ಕಿಯಿಂದ. ಅದು ಹುಟ್ಟಿದ ವಾರಕ್ಕೆ ತಾಯಿ ಸತ್ತು, ನವ್ಯ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ ಸೀಮೆಹಸು. ಕರು ಹಾಕಿದ ಮೇಲೆ ಬೇರೆ ಯಾರಿಗೂ ಕೆಚ್ಚಲು ಮುಟ್ಟಲು ಬಿಟ್ಟಿರಲಿಲ್ಲ. ನವ್ಯ ಹೋದ ಮೊದಲ ಮೂರು ದಿನ ಅದು ಬಕೆಟ್ಟು ಉರುಳಿಸಿತು, ರಾಧಳ ಮೊಣಕಾಲಿಗೆ ಒದೆಯಿತು, ಹಾಲನ್ನು ಮೇಲಕ್ಕೆಳೆದುಕೊಂಡು ಸುಮ್ಮನೆ ನಿಂತಿತು. ಮನೆಯಲ್ಲಿ ಉಳಿದ ಇನ್ನೊಂದು ಹಸು ಬತ್ತಿತ್ತು. ಡೈರಿಗೆ ಹೋಗುವ ಕ್ಯಾನು ಖಾಲಿಯಾದರೆ ಒಲೆಯೂ ಖಾಲಿ. ನವ್ಯಳಿಗೆ ವಿಡಿಯೋ ಕಾಲ್ ಮಾಡಿ ಸ್ಪೀಕರು ಹಾಕಿ ಎಂದದ್ದು ಗಿರಿ, ಅದೂ ತಮಾಷೆಗೆ. ಅದು ಕೆಲಸ ಮಾಡಿಬಿಟ್ಟಿತು. ಫೋನು ಹಿಡಿಯಲು ಇನ್ನೊಬ್ಬರು ಬೇಕಿತ್ತು, ವೆಂಕಟರತ್ನಮ್ಮ ಹಿಡಿದಳು. ಹಸುವಿಗೆ ಬಂದ ಫೋನಿನಲ್ಲಿ ನಡುವೆ ಒಂದೆರಡು ಮಾತು ಸೇರಿಸಿದರೆ ಕೊಟ್ಟ ಮಾತು ಮುರಿದಂತಾಗುವುದಿಲ್ಲ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಿರಬೇಕು.

*

ಬಂಗಾರಪೇಟೆಯ ಕಡೆ ಬೆಳಿಗ್ಗೆ ಹಾಲು ಕರೆಯುವ ಐದೂವರೆ ಗಂಟೆ ಅಲ್ಲಿಗೆ ಸರಿಯಾಗಿ ಒಂಬತ್ತು. ಒಂಬತ್ತಕ್ಕೆ ತರಗತಿ. ಇದನ್ನು ಯಾರೂ ಬೇಕೆಂದು ಮಾಡಿರಲಿಲ್ಲ.

ನವ್ಯ ಶಾಲೆಯ ಎರಡನೇ ಮಹಡಿಯಲ್ಲಿ, ವೈಫೈ ಸಿಗುವ ಮೆಟ್ಟಿಲ ಹತ್ತಿರ, ಗೋಡೆಗೆ ಮುಖ ಮಾಡಿ ನಿಂತು ಮಾತಾಡುತ್ತಿದ್ದಳು. ಬೆಲ್ಲಾದ ಮೇಲೆ ಬಾಗಿಲು ತಳ್ಳಿ ಒಳಗೆ ಹೋಗುವಷ್ಟರಲ್ಲಿ ಇಶಿದಾ ಟೀಚರ್ ಹಾಜರಿ ಕೂಗಿ ಮುಗಿಸಿರುತ್ತಿದ್ದರು. ತಡವಾಗಿ ಬಂದವರ ಹೆಸರಿನ ಮುಂದೆ ಒಂದು ಸಣ್ಣ ತ್ರಿಕೋನ ಬೀಳುತ್ತಿತ್ತು. ಅಂಥ ಮೂರು ಸೇರಿದರೆ ಒಂದು ಗೈರುಹಾಜರಿ. ಹಾಜರಿ ಕಡಿಮೆಯಾದವರನ್ನು ಆರೈಕೆಯ ಕೋರ್ಸಿಗೆ ತೆಗೆದುಕೊಳ್ಳುವುದಿಲ್ಲ, ವಾಪಸು ಕಳಿಸುತ್ತಾರೆ ಎಂದು ಮೊದಲ ದಿನವೇ ಶಾಲೆಯಲ್ಲಿ ಹೇಳಿದ್ದರು. ಆ ದಿನ ಹೇಳಿದ ಮಾತುಗಳಲ್ಲಿ ನವ್ಯಳಿಗೆ ಪೂರ್ತಿ ಅರ್ಥವಾದದ್ದು ಅದೊಂದೇ.

“ದಿನಾ ಯಾರ ಜೊತೆ ಮಾತಾಡುತ್ತೀರಿ?” ಎಂದು ಒಂದು ದಿನ ಟೀಚರ್ ಕೇಳಿದರು.

ನವ್ಯ ಪದಗಳನ್ನು ಹುಡುಕಿದಳು. ಬೆಂಗಳೂರಿನಲ್ಲಿ ಆರು ತಿಂಗಳು ಕಲಿತ ಭಾಷೆಯಲ್ಲಿ ರೈಲು ನಿಲ್ದಾಣ, ಛತ್ರಿ, ಪೋಸ್ಟಾಫೀಸು ಇದ್ದವು. ಹಸುವೂ ಇತ್ತು.

“ನಮ್ಮ ಹಸುವಿನ ಜೊತೆ,” ಎಂದಳು.

ತರಗತಿ ನಕ್ಕಿತು. ಟೀಚರ್ ನಗಲಿಲ್ಲ. ತ್ರಿಕೋನ ಹಾಕಿದರು.

ಬಂದಾಗಿನಿಂದ ಅವಳು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡಿದ್ದಳು. ವಿಳಾಸ ಬರೆಸುವುದಕ್ಕೆ ಊರಿನ ಕಚೇರಿ. ಬ್ಯಾಂಕಿನವರು ಫೋನು ನಂಬರು ಇಲ್ಲದೆ ಖಾತೆ ಕೊಡುವುದಿಲ್ಲ ಎಂದರು, ಫೋನಿನ ಅಂಗಡಿಯವರು ಖಾತೆ ಇಲ್ಲದೆ ನಂಬರು ಕೊಡುವುದಿಲ್ಲ ಎಂದರು. ಎಲ್ಲರೂ ಬಹಳ ಮರ್ಯಾದೆಯಿಂದ, ತಲೆಬಾಗಿ, ಆಗುವುದಿಲ್ಲ ಎನ್ನುತ್ತಿದ್ದರು. ಊರಲ್ಲಾದರೆ ಬೈಯುತ್ತಾರೆ, ತಿರುಗಿ ಬೈಯಬಹುದು. ಇಲ್ಲಿ ತಲೆಬಾಗಿದವರಿಗೆ ತಲೆಬಾಗಿ ಹೊರಗೆ ಬಂದರೆ ಕತ್ತು ನೋಯುತ್ತಿತ್ತು.

ಕೋಣೆಯಲ್ಲಿ ಅವಳ ಜೊತೆ ನೇಪಾಳದ ಸರಿತಾ ಇದ್ದಳು. ಇಬ್ಬರೂ ಮುರುಕು ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೊದಲ ವಾರ ಹೊರಗಿಟ್ಟ ಕಸದ ಚೀಲ ಸಂಜೆ ಬಂದು ನೋಡಿದರೆ ಬಾಗಿಲಿಗೆ ವಾಪಸು ಬಂದಿತ್ತು, ಮೇಲೆ ಒಂದು ಚೀಟಿ ಅಂಟಿಸಿ. ಸುಡುವ ಕಸ, ಪ್ಲಾಸ್ಟಿಕ್ಕು, ಬಾಟಲಿ, ಎಲ್ಲಕ್ಕೂ ಬೇರೆ ಬೇರೆ ದಿನ. ನವ್ಯ ಬಾತ್‌ರೂಮಿನಲ್ಲಿ ಕೂತು ಚೀಲ ಬಿಚ್ಚಿ ಕೈಯಲ್ಲಿ ಆರಿಸಿದಳು. ಎರಡು ದಿನದ ಈರುಳ್ಳಿ ಸಿಪ್ಪೆ ಗಬ್ಬು ನಾರುತ್ತಿತ್ತು.

“ನಮ್ಮೂರಲ್ಲಿ ತಿಪ್ಪೆ ಒಂದೇ,” ಎಂದಳು ಕನ್ನಡದಲ್ಲೇ.

“ಹಾಂ?” ಎಂದಳು ಸರಿತಾ.

“ಏನಿಲ್ಲ.”

ಸಂಜೆಯ ಕೆಲಸಕ್ಕೆ ಸರಿತಾಳೇ ಕರೆದುಕೊಂಡು ಹೋಗಿ ಊಟದ ಡಬ್ಬಿ ತಯಾರಿಸುವ ಕಾರ್ಖಾನೆಗೆ ಸೇರಿಸಿದಳು. ಶಾಲೆ ಮುಗಿಸಿ, ಒಂದು ಬನ್ನು ತಿಂದು, ಸೈಕಲ್ಲಿನಲ್ಲಿ ಅಲ್ಲಿಗೆ. ಕಣ್ಣು ಮಾತ್ರ ಕಾಣುವ ಹಾಗೆ ಬಿಳಿ ಬಟ್ಟೆ, ಫೋನು ಲಾಕರಿನಲ್ಲಿ. ಬೆಲ್ಟಿನ ಮೇಲೆ ಅನ್ನದ ಡಬ್ಬಿಗಳು ಬರುತ್ತಿದ್ದವು. ಅನ್ನಕ್ಕೂ ಮೀನಿಗೂ ನಡುವೆ ಹಸಿರು ಪ್ಲಾಸ್ಟಿಕ್ಕಿನ ಒಂದು ಎಲೆ ಸಿಗಿಸುವುದು ನವ್ಯಳ ಕೆಲಸ. ಒಳಗೆ ಐಸಿನಂಥ ಚಳಿ. ಎಲೆ, ಎಲೆ, ಎಲೆ. ವಾಪಸು ಬಂದು ಹಾಸಿಗೆಯಲ್ಲಿ ಬಿದ್ದಾಗ ಕಣ್ಣು ಮುಚ್ಚಿದರೂ ಡಬ್ಬಿಗಳು ಬರುವುದು ನಿಲ್ಲುತ್ತಿರಲಿಲ್ಲ.

ಬೆಳಿಗ್ಗೆ ಮೆಟ್ಟಿಲ ಹತ್ತಿರ ಮತ್ತೆ ಫೋನು.

“ಚುಕ್ಕೀ, ನಿಂತ್ಕೋ ಬಂಗಾರ...”

*

ಗಿರಿ ಬೆಂಗಳೂರಿನ ಒಂದು ಹೋಟೆಲಿನ ಲಾಂಡ್ರಿಯಲ್ಲಿದ್ದ. ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡೇ ಹೋಗಿ ನಿಂತುಕೊಂಡೇ ಬರುವವನು, ಮನೆಗೆ ಬಂದರೆ ಚಾಪೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಆ ದಿನ ರಾಧ ತಟ್ಟೆಗೆ ಮುದ್ದೆ ಹಾಕಿ, ಮಸೊಪ್ಪು ಬಡಿಸಿದಳು. ಮುನಿಸ್ವಾಮಪ್ಪ ಮುದ್ದೆ ಮುರಿದ. ಒಳಗೆ ಬೇಯದ ಹಿಟ್ಟು ಕಂಡಿತು. ಅವನು ಆ ತುಂಡನ್ನು ಪಕ್ಕಕ್ಕಿಟ್ಟ.

“ಗಂಟುಗಂಟು,” ಎಂದಳು ವೆಂಕಟರತ್ನಮ್ಮ. “ಕೋಲು ಆಡ್ಸಿದ್ಯೋ ಸುಮ್ನೆ ಮುಟ್ಸಿದ್ಯೋ?”

“ಕೈ ಸೋತಿದೆ ಅತ್ತೆ. ಬೆಳಗ್ಗೆ ಕರೆದೆ, ಸಗಣಿ ಬಾಚಿದೆ, ಸೀಮೆಹುಲ್ಲು ಕುಯ್ದೆ, ಸಾಯಂಕಾಲ ಮತ್ತೆ ಕರೆದೆ.”

“ಅದನ್ನೆಲ್ಲ ನನ್ ಮಗಳು ಮಾಡ್ಕೊಂಡು ಕಾಲೇಜಿಗೂ ಓಗಿ ಬತ್ತಿದ್ಲು.”

“ನಿಮ್ಮ ಮಗಳು ಮುದ್ದೆ ತಿರುವ್ತಿರಲಿಲ್ಲ. ಅದು ಆಗಲೂ ನಾನೇ.”

ಗಿರಿ ತಟ್ಟೆ ನೋಡುತ್ತಾ, “ಉಣ್ಣೋಕೆ ಬಿಡ್ತೀರಾ?” ಎಂದ.

“ನಿಂಗೇನ್ಲಾ, ಕುಂತು ಉಂತೀಯ. ಶ್ರೀನಿವಾಸಪ್ಪ ನೆನ್ನೆ ಸಂತೇಲಿ ಸಿಕ್ಕಿದ್ದ. ‘ನಿಮ್ ಸೊಸೆ ಅಂಗಡಿಗೆ ಯಾವಾಗ ಬತ್ತಾಳೆ’ ಅಂತ ಕೇಳ್ದ. ಬರಲ್ಲ ಅಂದೆ.”

ರಾಧ ಸಾರಿನ ಪಾತ್ರೆ ಕೆಳಗಿಟ್ಟಳು. ಬಂಗಾರಪೇಟೆಯ ಪೇಟೆಬೀದಿಯಲ್ಲಿ ಶ್ರೀನಿವಾಸಪ್ಪನ ಬಟ್ಟೆ ಅಂಗಡಿ. ಅಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ ಅವಳದಾಗಿತ್ತು. ನವ್ಯ ಒಂದು ದಡ ಹತ್ತುವವರೆಗೆ ಎಂದು ರಾಧ ಅದನ್ನು ಬಿಟ್ಟಿದ್ದಳು.

“ಬರಲ್ಲ ಅಂತ ನೀವು ಹೇಗೆ ಹೇಳಿದ್ರಿ?”

“ಮತ್ತೆ ಆಲು ಯಾರು ಕರೀತಾರೆ? ಶ್ರೀನಿವಾಸಪ್ಪನಾ?”

“ಮಾವ ಕರೀಲಿ.”

ಮುನಿಸ್ವಾಮಪ್ಪ ಕೆಮ್ಮಿದ. “ನನ್ ಕೈ ಬೆರಳು ಮಡಿಚಲ್ಲ ಕಣಮ್ಮ,” ಎಂದ. ಅದು ನಿಜವೇ. ಬೋರ್‌ವೆಲ್ ಪೈಪಿನ ಕೆಳಗೆ ಸಿಕ್ಕಿದ ಕೈ.

“ನವ್ಯ ಇದ್ದಿದ್ರೆ ಈ ಮಾತೇ ಬತ್ತಿರಲಿಲ್ಲ,” ಎಂದಳು ವೆಂಕಟರತ್ನಮ್ಮ.

“ಇಲ್ಲ ಅಲ್ವಾ ಈಗ,” ಎಂದು ಗಿರಿ ಎದ್ದು ಕೈ ತೊಳೆಯಲು ಹೋದ. ಮುದ್ದೆ ಅರ್ಧ ಉಳಿದಿತ್ತು.

*

ಒಂದು ಬೆಳಿಗ್ಗೆ ಕರೆಂಟು ಇರಲಿಲ್ಲ. ಟಾರ್ಚು ಗೂಟಕ್ಕೆ ನೇತುಹಾಕಿ ರಾಧ ಕರೆಯಲು ಕೂತಳು. ವೆಂಕಟರತ್ನಮ್ಮ ಫೋನು ಹಿಡಿದಳು. ನವ್ಯ “ಚುಕ್ಕೀ” ಎನ್ನುವುದು ಒಮ್ಮೆ ಕೇಳಿಸಿತು, ಆಮೇಲೆ ಏನೂ ಇಲ್ಲ. ರಾಧ ತಲೆ ಎತ್ತಿ ನೋಡಿದಳು. ಫೋನಿನ ಪರದೆ ಕಪ್ಪಾಗಿತ್ತು. ರಾತ್ರಿಯೆಲ್ಲ ಕರೆಂಟಿಲ್ಲದೆ ಚಾರ್ಜು ಮುಗಿದುಹೋಗಿತ್ತು.

ವೆಂಕಟರತ್ನಮ್ಮನೂ ಪರದೆ ನೋಡಿದಳು. ಆದರೂ ಕೈ ತೆಗೆಯಲಿಲ್ಲ. ಸತ್ತ ಫೋನನ್ನು ಹಸುವಿನ ಕಿವಿಯ ಹತ್ತಿರ ಹಾಗೆಯೇ ಹಿಡಿದುಕೊಂಡು ನಿಂತಳು.

ರಾಧ ಕರೆಯುತ್ತಲೇ ಇದ್ದಳು. ಹಸು ಮೆಲುಕು ಹಾಕುತ್ತಿತ್ತು. ಕಾಲೆತ್ತಲಿಲ್ಲ, ಹಾಲು ಏರಿಸಿಕೊಳ್ಳಲಿಲ್ಲ. ಬಕೆಟ್ಟಿನಲ್ಲಿ ನೊರೆ ಅಂಚಿಗೆ ಬಂತು.

“ಇವತ್ತು ಚೆನ್ನಾಗಿ ಬಿಡ್ತು,” ಎಂದಳು ವೆಂಕಟರತ್ನಮ್ಮ.

“ಹೂಂ ಅತ್ತೆ.”

ಮುನಿಸ್ವಾಮಪ್ಪ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಡೈರಿಗೆ ಹೋದ. ಅತ್ತೆ ಸೊಸೆ ಆ ವಿಷಯ ಮತ್ತೆ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ವೆಂಕಟರತ್ನಮ್ಮ ರಾತ್ರಿಯೇ ಚಾರ್ಜು ಮಾಡಿಟ್ಟಿದ್ದ ಫೋನು ತಂದು, “ಏಯ್, ಒತ್ತು ಅದ್ಯಾವ್ದೋ ಅಸಿರು ಬಟನ್ನು” ಎಂದಳು. ರಾಧ ಒತ್ತಿಕೊಟ್ಟಳು.

*

ನವ್ಯಳನ್ನು ಶಾಲೆಯ ಆಫೀಸಿಗೆ ಕರೆದರು. ಇಶಿದಾ ಟೀಚರ್ ಪಕ್ಕದಲ್ಲಿ ಇಂಗ್ಲಿಷ್ ಬರುವ ಒಬ್ಬಾಕೆಯನ್ನು ಕೂರಿಸಿಕೊಂಡಿದ್ದರು. ಟೀ ಕೊಟ್ಟರು. ಒಂದು ತಿಂಗಳು ಕೂಡ ಆಗಿಲ್ಲ, ಇಷ್ಟು ತ್ರಿಕೋನ ಈ ವರ್ಷ ಯಾರಿಗೂ ಬಿದ್ದಿಲ್ಲ, ಇನ್ನೊಂದು ಗೈರುಹಾಜರಿ ಸೇರಿದರೆ ಮನೆಯವರಿಗೆ ಪತ್ರ ಬರೆಯಬೇಕಾಗುತ್ತದೆ, ಮುಂದಿನ ಕೋರ್ಸಿಗೆ ಹೆಸರು ಕಳಿಸಲಾಗುವುದಿಲ್ಲ ಎಂದು ನಿಧಾನವಾಗಿ ಹೇಳಿದರು. ಎಂಟು ಐವತ್ತಕ್ಕೆ ಶಾಲೆಯ ಒಳಗೇ ಇರುತ್ತೀರಿ, ಬಾಗಿಲು ತಳ್ಳಿ ಒಳಗೆ ಬರಲು ಏನು ಕಷ್ಟ ಎಂದು ಕೇಳಿದರು.

ನವ್ಯ ಟೀ ಕುಡಿದಳು. ಅದರಲ್ಲಿ ಹಾಲೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ.

ಮಾರನೆಯ ದಿನ ಫೋನಿನಲ್ಲಿ ಹೇಳಿ ನೋಡಿದಳು. “ಅಮ್ಮ, ಸ್ವಲ್ಪ ಮುಂಚೆ ಮಾಡಿ. ಐದಕ್ಕೆ ಕರೀರಿ.”

“ಐದಕ್ಕೆ ಕರೆದ್ರೆ ಡೈರಿ ಬಾಗಿಲು ತೆಗೆಯೋಷ್ಟೊತ್ತಿಗೆ ಆಲು ಕೆಟ್ಟೋಗುತ್ತೆ, ಈ ಬಿಸಿಲಲ್ಲಿ.”

“ಹಾಗಾದ್ರೆ ನನ್ನ ದನಿ ರೆಕಾರ್ಡ್ ಮಾಡಿ ಕಳಿಸ್ತೀನಿ.”

“ಅಸ ಏನ್ ದಡ್ಡಿ ಅಂದ್ಕೊಂಡ್ಯಾ? ಅದಕ್ಕೆ ಗೊತ್ತಾಗುತ್ತೆ. ಆಲು ಬಿಡದಿದ್ರೆ ನಿನ್ನ ಮುದುಕ್ರು ಬಂದು ಕೊಡ್ತಾರಾ ನಮ್ಗೆ? ಅದ್ಯಾಕೆ ಮೊಕ ಇಷ್ಟೊಂದು ಸೊರಗಿದೆ? ನಿದ್ದೆ ಮಾಡ್ತೀಯಾ ಇಲ್ವಾ?”

“ಮಾಡ್ತೀನಿ.”

“ಏನ್ ಮಾಡ್ತೀಯೋ. ಇರ್ಲಿ, ಚುಕ್ಕೀನ ಕರಿ.”

ಆ ದಿನವೂ ತ್ರಿಕೋನ ಬಿತ್ತು.

*

ರಾಧಳ ತಾಯಿ ಅಮ್ಮಾಜಮ್ಮ ಕೋರಮಂಡಲ್‌ನಲ್ಲಿ, ಚಿನ್ನದ ಗಣಿಯವರು ಕಟ್ಟಿಸಿದ್ದ ಲೈನ್ ಮನೆಯಲ್ಲಿದ್ದಳು. ಅವಳಿಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ ರಾಧ ಶನಿವಾರದ ರೈಲಿಗೆ ಅಲ್ಲಿಗೆ ಹೋದಳು. ಎರಡು ದಿನ ನೀವೇ ನೋಡಿಕೊಳ್ಳಿ ಎಂದಿದ್ದಕ್ಕೆ ವೆಂಕಟರತ್ನಮ್ಮ, “ಓಗು, ನಿನ್ಗೂ ಒಂದು ಏರೋಪ್ಲೇನು” ಎಂದಿದ್ದಳು.

ಭಾನುವಾರ ಮಧ್ಯಾಹ್ನ. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸುತ್ತಿತ್ತು, ಬಾಗಿಲು ಹಾಕಿಕೊಂಡರೂ ಬೂದುಬಣ್ಣದ ಧೂಳು ಹೊಸ್ತಿಲಲ್ಲಿ ಕೂರುತ್ತಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ ಅಮ್ಮಾಜಮ್ಮ ಮಗಳ ಕೈ ಮುಟ್ಟಿ ನೋಡಿ ಅರ್ಧ ತಮಿಳಿನಲ್ಲಿ ಎಂದಳು.

“ಅಡಿ ಪಾವಿ, ಏನಿದು ಕೈ, ಗಣಿಯೋರ ಕೈ ಆದಂಗೆ ಆಗಿದೆ. ನಿಮ್ಮಪ್ಪಂದೂ ಹಿಂಗೇ ಇತ್ತು.”

“ಹಾಲು ಕರೆದು ಕರೆದು.”

“ನಿನ್ನನ್ನ ಸೀರೆ ಅಂಗಡಿ ಕೆಲಸಕ್ಕೆ ಅಂತ ಕೊಟ್ಟಿದ್ದು. ಮಾಟುಗೆ, ದನಕ್ಕೆ ಕೊಟ್ಟಿದ್ದಲ್ಲ.”

“ಅವರು ಹಸೂಗೂ ಫೋನ್ ಮಾಡಿಸ್ತಾರಮ್ಮ,” ಎಂದು ರಾಧ ಎಲ್ಲವನ್ನೂ ಹೇಳಿದಳು. ಅಮ್ಮಾಜಮ್ಮ ಕನ್ನಡಕ ಜಾರುವಷ್ಟು ನಕ್ಕಳು. ನಗಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರು. ನಕ್ಕಾದ ಮೇಲೆ, “ಆ ಹುಡುಗಿಗೆ ಒಂದು ಫೋನ್ ಮಾಡು. ಹಸೂನ ಬಿಟ್ಟು ಅವಳ ಜೊತೆ ಮಾತಾಡೋರು ಯಾರಾದ್ರೂ ಇದ್ದಾರಾ?” ಎಂದಳು.

ನವ್ಯ ತಕ್ಷಣ ಎತ್ತಿದಳು. ಕೋಣೆಯಲ್ಲಿ ಬಟ್ಟೆ ಹರವಿಕೊಂಡು ಕೂತಿದ್ದಳು.

“ಅತ್ಗೆ, ಅಲ್ಲಿ ಎಲ್ಲ ಸರಿ ಇದೆಯಾ? ಚುಕ್ಕಿ?”

“ಅದಕ್ಕೇನು, ರಾಣಿ ಹಾಗಿದೆ. ನೀನು ಹೇಗಿದೀಯ ಹೇಳು.”

ನವ್ಯ ಹೇಗೂ ಇಲ್ಲ ಎನ್ನುವಂತೆ ತಲೆ ಆಡಿಸಿದಳು. ಆಮೇಲೆ ಆಫೀಸಿನಲ್ಲಿ ಟೀ ಕೊಟ್ಟದ್ದನ್ನು ಹೇಳಿದಳು. ಇನ್ನು ಒಂದು ಸಲ ತಡವಾದರೆ ಮುಗಿಯಿತು ಎಂದಳು. “ನೆನ್ನೆ ಫ್ಯಾಕ್ಟ್ರೀಲಿ ನಿಂತಲ್ಲೇ ನಿದ್ದೆ ಬಂತು ಅತ್ಗೆ. ಎಲೆ ಇಲ್ದೆ ಡಬ್ಬಿ ಹೋಗ್ಬಿಟ್ವು. ಬೆಲ್ಟ್ ನಿಲ್ಲಿಸಿ ಎಲ್ಲರೂ ನನ್ನೇ ನೋಡಿದ್ರು. ನಾಳೆ ಏನ್ ಮಾಡ್ಲಿ? ಅಮ್ಮ ಫೋನ್ ಮಾಡ್ತಾಳೆ. ಎತ್ತಿದ್ರೆ ಇಲ್ಲಿ ಹೋಯ್ತು, ಎತ್ತದಿದ್ರೆ ಅಲ್ಲಿ ಹಾಲು ಹೋಯ್ತು.”

ರಾಧ ಬಾಗಿಲ ಕಡೆ ನೋಡಿದಳು. ಇಲ್ಲಿ ಅತ್ತೆ ಇರಲಿಲ್ಲ.

“ಹಾಲು ಹೋಗಲ್ಲ ನವ್ಯ,” ಎಂದಳು. “ಅದು ನನ್ನ ಕೈಗೆ ಒಗ್ಗಿ ಬಹಳ ದಿನ ಆಯ್ತು. ಆ ಕರೆಂಟಿಲ್ಲದ ದಿನ ಫೋನ್ ಕಟ್ಟಾಯ್ತಲ್ಲ, ಆವತ್ತೂ ಪೂರ್ತಿ ಕೊಡ್ತು.”

ನವ್ಯ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

“ಅಮ್ಮನಿಗೆ ಗೊತ್ತಾ?”

“ಫೋನ್ ಅವರ ಕೈಲೇ ಇತ್ತು.”

“ಮತ್ತೆ ನೀವ್ಯಾಕೆ ಹೇಳ್ಲಿಲ್ಲ?”

“ಫೋನ್ ಕೈಲಿದ್ದಷ್ಟು ಹೊತ್ತು ಅವರು ನನ್ನ ಬೈಯಲ್ಲ. ದಿನದಲ್ಲಿ ಅದೊಂದು ಕಾಲು ಗಂಟೆ ನಂಗೂ ಬೇಕಿತ್ತು,” ಎಂದಳು ರಾಧ.

ನವ್ಯ ನಕ್ಕಳು. ನಗು ಅರ್ಧಕ್ಕೆ ನಿಂತಿತು. “ಇಡ್ತೀನಿ ಅತ್ಗೆ, ಬಟ್ಟೆ ಒಣಗಹಾಕ್ಬೇಕು,” ಎಂದಳು.

*

ಸೋಮವಾರ ಬೆಳಿಗ್ಗೆ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ವೆಂಕಟರತ್ನಮ್ಮ ಇನ್ನೊಂದು ಸಲ ಮಾಡಿಸಿದಳು. ಮೂರನೇ ಸಲಕ್ಕೆ ರಿಂಗೇ ಆಗಲಿಲ್ಲ. ಅಷ್ಟರಲ್ಲಿ ರಾಧ ಕರೆದು ಮುಗಿಸಿದ್ದಳು. ಹಿಂದಿನ ರಾತ್ರಿ ಕೊನೆಯ ರೈಲಿಗೆ ಬಂದವಳು ಇನ್ನೂ ಸೀರೆ ಕೂಡ ಬದಲಿಸಿರಲಿಲ್ಲ.

“ನೀನೇ ಏನೋ ಊದಿದೀಯ ಅವ್ಳ ಕಿವಿಗೆ.”

“ಹೌದು ಅತ್ತೆ. ಇದ್ದದ್ದು ಹೇಳಿದೆ.”

“ಏನು ಇದ್ದದ್ದು? ನನ್ ಮಗಳು ನನ್ ಜೊತೆ ಎಲ್ಡು ಮಾತಾಡಿದ್ರೆ ನಿಂಗೆ ಒಟ್ಟೆ ಉರಿ.”

“ನಿಮ್ಮ ಎರಡು ಮಾತಿಗೆ ಅವಳನ್ನ ಸ್ಕೂಲಿಂದ ಓಡಿಸ್ತಾರೆ. ಅಷ್ಟು ಗೊತ್ತಾ ನಿಮಗೆ?”

“ಓಡ್ಸಲಿ. ಮನೆಗೆ ಬತ್ತಾಳೆ.”

ಕೊಟ್ಟಿಗೆಯ ಹೊರಗೆ ಕ್ಯಾನಿಗೆ ಹಗ್ಗ ಬಿಗಿಯುತ್ತಿದ್ದ ಮುನಿಸ್ವಾಮಪ್ಪ ಅದನ್ನು ಅಲ್ಲಿಗೇ ಬಿಟ್ಟು ಒಳಗೆ ಬಂದ.

“ಬಂದು?” ಎಂದ. “ಬಂದು ಏನ್ ಮಾಡ್ತಾಳೆ? ಸಗಣಿ ಬಾಚ್ತಾಳಾ?”

“ಅಸ ಆಲು ಬಿಡಲ್ಲ ಅಂತ ತಾನೆ ನಾನು...”

“ಸಾಯಂಕಾಲ ಯಾರ್ದು ಫೋನು?”

“ಏನು?”

“ಸಾಯಂಕಾಲ ಕರೆಯೋ ಒತ್ತಿಗೆ ಅವಳು ಫ್ಯಾಕ್ಟ್ರೀಲಿ ಇರ್ತಾಳೆ, ಫೋನು ಪೆಟ್ಟಿಗೇಲಿ. ದಿನಾ ಸಾಯಂಕಾಲ ಫೋನಿಲ್ದೆ ಕರೀತಿಲ್ವಾ? ಡೈರಿಗೆ ಆಲು ಒಯ್ಯೋನು ನಾನು. ಬೆಳಗ್ಗೆಗಿಂತ ಸಾಯಂಕಾಲವೇ ಒಂದು ಲೋಟ ಜಾಸ್ತಿ. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

ವೆಂಕಟರತ್ನಮ್ಮ ಗಂಡನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಎಲ್ಲರಿಗೂ ಗೊತ್ತಿದ್ದೂ ದಿನವೂ ಬೆಳಿಗ್ಗೆ ತನ್ನನ್ನು ಹಸುವಿನ ಮುಂದೆ ಬಗ್ಗಿ ನಿಲ್ಲಲು ಬಿಟ್ಟಿದ್ದರು.

“ಮಾತಾಡ್ಬೇಕು ಅಂದ್ರೆ ಮಾತಾಡು,” ಎಂದ ಮುನಿಸ್ವಾಮಪ್ಪ ದನಿ ತಗ್ಗಿಸಿ. “ಭಾನುವಾರ ಮಾಡ್ತಾಳೆ, ನಾನೇ ಏಳ್ತೀನಿ ಅವಳ್ಗೆ. ವಾರಕ್ಕೊಂದು ಸಲ ಕುಂತ್ಕೊಂಡು ಮಾತಾಡು.”

“ವಾರಕ್ಕೊಂದು ದಿನ ಆಲು ಕೊಡೋ ಅಸ ಎಲ್ಲಾದ್ರೂ ನೋಡಿದೀಯಾ?” ಎಂದು ಅವಳು ಫೋನನ್ನು ಬೂಸದ ಮೂಟೆಯ ಮೇಲಿಟ್ಟು ಹೊರಗೆ ಹೋದಳು.

ಆಮೇಲೆ ಅವಳು ಫೋನು ಮುಟ್ಟಲಿಲ್ಲ. ಭಾನುವಾರ ನವ್ಯ ಮಾಡಿದಾಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅದರ ಮುಂದಿನ ಭಾನುವಾರ ಮಾವಿನಕಾಯಿ ಹೆಚ್ಚುತ್ತಿದ್ದಳು. “ಕೈ ಉಪ್ಪಾಗಿದೆ,” ಎಂದಳು. ರಾಧಳನ್ನು ಬೈಯುವುದು ಕೂಡ ಕಡಿಮೆಯಾಯಿತು, ಅದರಿಂದ ರಾಧಳಿಗೆ ಭಯವೇ ಆಯಿತು. ಒಂದು ಬೆಳಿಗ್ಗೆ ರಾಧ ಎದ್ದು ಕೊಟ್ಟಿಗೆಗೆ ಹೋದರೆ ಅತ್ತೆ ಆಗಲೇ ಬಕೆಟ್ಟು ಹಿಡಿದು ಕೂತಿದ್ದಳು. ಹಸು ಎರಡು ಸಲ ಒದೆಯಿತು. ಅವಳು ಎರಡು ಸಲವೂ ಬಕೆಟ್ಟು ಎತ್ತಿ ಇಟ್ಟುಕೊಂಡಳು.

“ನೀನು ಅಂಗಡಿಗೆ ಓಗು,” ಎಂದಳು ತಿರುಗಿ ನೋಡದೆ. “ಮಧ್ಯಾನದ ತಂಕ ಬತ್ತೀನಿ ಅಂತ ಏಳು ಶ್ರೀನಿವಾಸಪ್ಪಂಗೆ. ಸಾಯಂಕಾಲದ್ದು ನಿಂದು.”

*

ಒಂಬತ್ತಕ್ಕೆ ಮುಂಚೆಯೇ ಬೆಂಚಿನಲ್ಲಿ ಕೂತಿರುತ್ತಿದ್ದ ನವ್ಯಳನ್ನು ನೋಡಿ ಇಶಿದಾ ಟೀಚರ್ “ಹಸು ಚೆನ್ನಾಗಿದೆಯೇ?” ಎಂದು ಕೇಳಿದರು. ಚೆನ್ನಾಗಿದೆ ಎಂದಳು. ಆ ಒಂದು ವಾಕ್ಯ ಅವಳಿಗೆ ತಡವರಿಸದೆ ಬರುತ್ತಿತ್ತು.

ಮೊದಲ ಕೆಲವು ದಿನ ಹಗುರವೆನಿಸಿತು. ಬೆಳಿಗ್ಗೆ ಹತ್ತು ನಿಮಿಷ ಹೆಚ್ಚು ಮಲಗಿದಳು. ಕಸ ಸರಿಯಾದ ದಿನ ಹೊರಗಿಟ್ಟಳು. ಬ್ಯಾಂಕಿನವರು ಕೊನೆಗೂ ತಲೆಬಾಗಿ ಆಗುತ್ತದೆ ಎಂದರು. ಆದರೂ ದಿನದ ಕೊನೆಗೆ ಮೈ ಅಷ್ಟೇ ಸೋಲುತ್ತಿತ್ತು, ಮೇಲಾಗಿ ದಿನವಿಡೀ ಒಂದು ಮಾತೂ ಕನ್ನಡದಲ್ಲಿ ಆಡಿರುತ್ತಿರಲಿಲ್ಲ. ಒಂದು ಸಂಜೆ ಬೆಲ್ಟಿನ ಮುಂದೆ, ಮುಖವಸ್ತ್ರದ ಒಳಗೆ, ಯಾರಿಗೂ ಕೇಳದ ಹಾಗೆ “ನಿಂತ್ಕೋ ಬಂಗಾರ, ಕಾಲೆತ್ತಬೇಡ” ಎಂದುಕೊಳ್ಳುತ್ತಿರುವುದು ಅವಳಿಗೇ ಗೊತ್ತಾಯಿತು. ಅಮ್ಮ ಭಾನುವಾರ ಯಾಕೆ ಫೋನಿಗೆ ಬರುತ್ತಿಲ್ಲ ಎಂದು ಅಪ್ಪನನ್ನು ಕೇಳಿದರೆ ಅವನು ಮಳೆಯ ಮಾತು ತೆಗೆಯುತ್ತಿದ್ದ.

ಅವಳು ಸೂಪರ್‌ವೈಸರ್ ಹೆಂಗಸಿನ ಹತ್ತಿರ ಹೋಗಿ, ಪದಗಳನ್ನು ಜೋಡಿಸಿಕೊಂಡು, ಸಂಜೆಯ ಬದಲು ಬೇರೆ ಹೊತ್ತಿನಲ್ಲಿ ಕೆಲಸ ಇದೆಯೇ ಎಂದು ಕೇಳಿದಳು. ಬೆಳಗಿನ ಜಾವದ ಶಿಫ್ಟಿಗೆ ಜನ ಸಿಗುವುದೇ ಕಷ್ಟ, ನಾಳೆಯೇ ಬೇಕಾದರೂ ಬರಬಹುದು ಎಂದಳು ಆಕೆ. ಯಾಕೆ ಎಂದು ಕೇಳಲಿಲ್ಲ.

“ಹುಚ್ಚಾ ನಿನಗೆ?” ಎಂದಳು ಸರಿತಾ ಮಾತ್ರ.

*

ಗಿರಿಗೆ ರಜೆಯಿದ್ದ ದಿನ, ನವ್ಯಳಿಗೂ ಕಾರ್ಖಾನೆ ಇರಲಿಲ್ಲ. ಸಂಜೆ ಐದರ ಹೊತ್ತಿಗೆ ಅವನು ಫೋನು ಹಿಡಿದುಕೊಂಡು ಅಂಗಳಕ್ಕೆ ಬಂದ. ವೆಂಕಟರತ್ನಮ್ಮ ಬಾಂಡ್ಲಿಯಲ್ಲಿ ಬೂಸ ಕಲಸುತ್ತಿದ್ದಳು. ಮೊಣಕೈವರೆಗೆ ಒದ್ದೆ.

“ಅಮ್ಮ, ನವ್ಯ. ನಿನ್ ಜೊತೆನೇ ಮಾತಾಡ್ಬೇಕಂತೆ.”

“ಕೈ ಆಗಿದೆ.”

“ನಾನು ಹಿಡ್ಕೊಂತೀನಿ. ನೀನು ಕಲಸ್ಕೊಂಡೇ ಮಾತಾಡು.” ಅವನು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು ಫೋನು ಮುಂದಕ್ಕೆ ಹಿಡಿದ.

ವೆಂಕಟರತ್ನಮ್ಮ ತಲೆ ಎತ್ತಲಿಲ್ಲ.

“ಅಮ್ಮ,” ಎಂದಳು ನವ್ಯ. “ಇನ್ಮೇಲೆ ಸಾಯಂಕಾಲ ದಿನಾ ಮಾಡ್ತೀನಿ. ನೀವು ಕರೆಯೋ ಹೊತ್ತಿಗೆ. ಎಷ್ಟು ಹೊತ್ತು ಬೇಕಾದ್ರೂ ಮಾತಾಡು.”

“ಸಾಯಂಕಾಲ ನಿಂಗೆ ಕೆಲ್ಸ ಅಲ್ವಾ?”

ಅಂಗಳದಲ್ಲಿ ಅತ್ತೆಯ ದನಿ ಕೇಳಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ರಾಧ ಕೈ ನಿಲ್ಲಿಸಿದಳು.

“ಅದು ಬದಲಾಯಿಸ್ಕೊಂತೀನಿ. ಬೆಳಗಿನ ಜಾವದ್ದು ಕೇಳಿದೀನಿ. ಮೂರು ಗಂಟೆಗೆ ಹೋದ್ರೆ ಎಂಟಕ್ಕೆ ಬಿಡ್ತಾರೆ. ಅಲ್ಲಿಂದ ನೇರ ಸ್ಕೂಲು. ಲೇಟಾಗಲ್ಲ.”

ವೆಂಕಟರತ್ನಮ್ಮ ಬೂಸದಿಂದ ಕೈ ತೆಗೆದಳು. ಈಗ ಫೋನಿನ ಕಡೆ ನೋಡಿದಳು. ಮಗಳ ಕೆನ್ನೆ ಇಳಿದುಹೋಗಿತ್ತು. ಕೂದಲಿಗೆ ಎಣ್ಣೆ ಕಂಡು ಎಷ್ಟು ದಿನವಾಗಿತ್ತೋ. ಮಾತಾಡುವಾಗ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು, ಅವಳು ಅದನ್ನು ಬೆರಳಿನಿಂದ ಉಜ್ಜಿ ತೆರೆಯುತ್ತಿದ್ದಳು.

“ಇತ್ತ ಇನ್ನೂ ಅತ್ರ ಇಡೀಲಾ,” ಎಂದಳು ಗಿರಿಗೆ. ಅವನು ಹಿಡಿದ.

“ಮತ್ತೆ ಮಲಗೋದು?”

“ನಿನ್ ಜೊತೆ ಮಾತಾಡಿದ ಮೇಲೆ. ಎರಡಕ್ಕೆ ಎದ್ರೆ ಆಯ್ತು. ಮಧ್ಯಾಹ್ನ ಸ್ಕೂಲು ಬಿಟ್ಮೇಲೂ ಸ್ವಲ್ಪ.”

“ಉಣ್ಣೋದು?”

“ಫ್ಯಾಕ್ಟ್ರೀಲಿ ಉಳಿದಿದ್ದು ಕೊಡ್ತಾರೆ.”

“ಆಗ್ಲೇ ಅವರಿಗೆ ಊಂ ಅಂದ್ಬಿಟ್ಯಾ?”

“ನಾಳೆ ಹೋಗಿ ಹೇಳ್ಬೇಕು. ನೀನು ಹೂಂ ಅನ್ನು, ಸಾಕು.”

“ಅವರಿಗೆ ಏನೂ ಏಳ್ಬೇಡ.”

“ಅಮ್ಮ, ನಂಗೇನೂ ಕಷ್ಟ ಇಲ್ಲ. ನಿಂಗೋಸ್ಕರ ತಾನೆ. ದಿನಾ ಮಾತಾಡ್ಬೋದು.”

“ನಂಗ್ ಬ್ಯಾಡ,” ಎಂದಳು ವೆಂಕಟರತ್ನಮ್ಮ.